ತುಕ್ಕಿನೊಳಗೆ ಕೂತ ತಿಲ್ಲಾನ

ತುಕ್ಕು ಹಾಡುತ್ತದೆ! ಉತ್ಪ್ರೇಕ್ಷೆ ಅಲ್ಲ ಸ್ವಾಮಿ. ಕ್ಯಾಸೆಟ್ಟಿನೊಳಗಿನ ಆ ಕಂದು ರೀಲಿಗೆ ಬಳಿದಿರುವುದು ಕಬ್ಬಿಣದ ಆಕ್ಸೈಡಿನ ಪುಡಿ, ತುಕ್ಕಿನ ಜಾತಿಗೇ ಸೇರಿದ್ದು. ಅಗಲ ನಾಲ್ಕು ಮಿಲಿಮೀಟರ್ ಕೂಡ ಇಲ್ಲ. ಓಟ ಸೆಕೆಂಡಿಗೆ 4.76 ಸೆಂಟಿಮೀಟರ್. 60 ನಿಮಿಷದ ಕ್ಯಾಸೆಟ್ ಬಿಚ್ಚಿ ಎಳೆದರೆ ಸುಮಾರು 86 ಮೀಟರ್, ನಮ್ಮ ಬೀದಿಯ ಈ ತುದಿಯಿಂದ ಆ ತುದಿಗೆ ಹೆಚ್ಚುಕಡಿಮೆ ಮುಟ್ಟುತ್ತದೆ. ಅಷ್ಟರಲ್ಲಿ ಒಂದು ಬದಿಗೆ ಇಡೀ ಒಂದು ವರ್ಣ, ಇನ್ನೊಂದು ಬದಿಗೆ ಪದ, ಜಾವಳಿ, ತಿಲ್ಲಾನ. ಹಾಡಿದವರು, ನಟ್ಟುವಾಂಗದವರು, ಮೃದಂಗ, ಕೊಳಲು, ಪಿಟೀಲು, ಎಲ್ಲರೂ ಆ ಪುಡಿಯೊಳಗೆ ಕೂತಿದ್ದಾರೆ!

ಇದು ನನ್ನ ತಲೆಗೆ ಹೊಕ್ಕಿದ್ದು ಬೆಂಗಳೂರಿನ ಸುದ್ದಗುಂಟೆಪಾಳ್ಯದ ಒಂದು ಮನೆಯ ಮಹಡಿಯಲ್ಲಿ. ಅಲ್ಲಿ ಸಂಜೆ ಭರತನಾಟ್ಯದ ಕ್ಲಾಸ್. ಮಕ್ಕಳೆಲ್ಲ 'ಮಿಸ್' ಅನ್ನುವ ಆ ಹೆಂಗಸಿನ ಬೀರುವಿನಲ್ಲಿ ಹಳೆಯ ರಂಗಪ್ರವೇಶಗಳ ಕ್ಯಾಸೆಟ್ಟುಗಳು ಸಾಲಾಗಿವೆ. ದಿನಾ ಅಭ್ಯಾಸಕ್ಕೆ ಹಿಮ್ಮೇಳ ಕರೆಸಲು ಯಾರ ಕೈಲಿ ಆಗುತ್ತೆ? ಆದ್ದರಿಂದ ಕ್ಯಾಸೆಟ್ಟೇ ಗತಿ. ಈಗ ಪರದೇಶದಲ್ಲಿ ಕ್ಲಾಸ್ ನಡೆಸುವ ಹಳೆಯ ಶಿಷ್ಯೆಯೊಬ್ಬಳು ಫೋನ್ ಮಾಡಿ, "ಮಿಸ್, ಆ ವರ್ಣ ಕಳಿಸ್ತೀರಾ?" ಎಂದಿದ್ದಾಳೆ. ಎದುರು ಪಿಜಿಯ ಹುಡುಗ ಲ್ಯಾಪ್‌ಟಾಪ್ ಹಿಡಿದು ಬಂದ. ನಾನು ಕುತೂಹಲಕ್ಕೆ ಹೋದವನು, ಕೂತಲ್ಲಿಂದ ಏಳಲಿಲ್ಲ.

ಮೊದಲು ಸ್ಪಿರಿಟ್ ಅದ್ದಿದ ಹತ್ತಿಯಿಂದ ಡೆಕ್ಕಿನ ಹೆಡ್ ಒರೆಸಿದ. ಹತ್ತಿ ಕಂದು ಬಣ್ಣಕ್ಕೆ ತಿರುಗಿತು. ಡೆಕ್ಕಿನಿಂದ ಲ್ಯಾಪ್‌ಟಾಪಿಗೆ ಒಂದು ವೈರು, ಒಳಗೆ ಆಡಾಸಿಟಿ ಎಂಬ ಪುಕ್ಕಟೆ ಸಾಫ್ಟ್‌ವೇರ್. ಹಚ್ಚಿದರೆ ಕಂಬಳಿ ಹೊದ್ದು ಹಾಡಿದಂಥ ಸದ್ದು. ಹುಡುಗ ಹೆಡ್ಡಿನ ಪಕ್ಕದ ಕಡಲೆಕಾಳಿಗಿಂತ ಚಿಕ್ಕ ಸ್ಕ್ರೂ ಒಂದನ್ನು ಕೂದಲೆಳೆಯಷ್ಟು ತಿರುಗಿಸಿದ. ಅಯ್ಯಯ್ಯೋ! ನಟ್ಟುವಾಂಗದ ತಾಳ ಝಣ್ ಎಂದು ಎದ್ದು ನಿಂತಿತು! ಒಂದು ಕಂಚಿನದು, ಒಂದು ಕಬ್ಬಿಣದ್ದು, ಎರಡೂ ಬೇರೆಬೇರೆಯಾಗಿ ಕೇಳುವಷ್ಟು ನಿಚ್ಚಳ. ರೀಲಿಗೂ ಹೆಡ್ಡಿಗೂ ನಡುವೆ ಒಂದಿಷ್ಟು ಓರೆಯಾದರೆ ಸಾಕಂತೆ, ಮೊದಲು ಸಾಯುವುದು ಹೀಗೆ ಮಿನುಗುವ ಸದ್ದುಗಳೇ.

ಆದರೂ ಮಿಸ್ ಮುಖ ಗಂಟಿಕ್ಕಿತು. "ಶ್ರುತಿ ಇಳಿದಿದೆ ಕಣೋ." ಎಲೆಕ್ಟ್ರಾನಿಕ್ ತಂಬೂರ ಹಚ್ಚಿ ನೋಡಿದರೆ ನಿಜ: ಐದೂವರೆ ಮನೆಯಲ್ಲಿ ಹಾಡಿದ್ದು ಐದಕ್ಕೆ ಬಂದು ಕೂತಿದೆ. ಡೆಕ್ಕಿನ ರಬ್ಬರ್ ಬೆಲ್ಟು ಸಡಿಲವಾಗಿ ಓಟ ಶೇ. 6ರಷ್ಟು ನಿಧಾನವಾದರೆ ಹೆಚ್ಚುಕಡಿಮೆ ಅರ್ಧ ಮನೆ ಇಳಿಯುತ್ತದೆ. ಕಾಲಪ್ರಮಾಣವೂ ಎಳೆಯುತ್ತದೆ, ಕುಣಿಯುವವರ ಕಾಲಿಗೆ ಅದು ತಕ್ಷಣ ಗೊತ್ತು. ಅಂದಹಾಗೆ ಆ ಎಲೆಕ್ಟ್ರಾನಿಕ್ ತಂಬೂರವನ್ನು 1979ರಲ್ಲಿ ರೂಪಿಸಿದವರು ನಮ್ಮ ಬೆಂಗಳೂರಿನ ಜಿ. ರಾಜ್‌ನಾರಾಯಣ್, ಎಂಜಿನಿಯರೂ ಹೌದು, ಕೊಳಲುವಾದಕರೂ ಹೌದು. ಊರಿನ ಉಪಕರಣವೇ ಊರಿನ ಕ್ಯಾಸೆಟ್ಟಿಗೆ ನ್ಯಾಯ ಹೇಳಿತು!

ಇನ್ನು ಅಂಕಿಗಳ ಮಾಯೆ. ಸಿಡಿ ಗುಣಮಟ್ಟವೆಂದರೆ ಸದ್ದನ್ನು ಸೆಕೆಂಡಿಗೆ 44,100 ಸಲ ಅಳೆಯುವುದು. ಅರ್ಧ ಗಂಟೆಯ ವರ್ಣ 300 ಎಂಬಿ ದಾಟುತ್ತದೆ. 128 ಕೆಬಿಪಿಎಸ್‌ನ ಎಂಪಿ3 ಮಾಡಿದರೆ ಹತ್ತಿರ ಹತ್ತಿರ 29 ಎಂಬಿ. ಕಿವಿಗೆ ಹೇಗೂ ಕೇಳಿಸದ್ದನ್ನು ಎಸೆಯುವುದೇ ಅದರ ಗುಟ್ಟು. ಆದರೆ ತಾಳದ ಥಟ್ಟನೆಯ ಪೆಟ್ಟಿನ ಎದುರು ಎಂಪಿ3 ತಡವರಿಸುತ್ತದೆ, ಪೆಟ್ಟಿಗೆ ಮೊದಲೇ ಒಂದು ಮಸುಕು ಸದ್ದು ಸೇರಿಸಿಬಿಡುತ್ತದೆ. ಆದ್ದರಿಂದ ಕಳಿಸಲು ಎಂಪಿ3, ಇಟ್ಟುಕೊಳ್ಳಲು ವೇವ್ ಇಲ್ಲವೇ ಫ್ಲ್ಯಾಕ್ ಎನ್ನುವುದು ನನ್ನ ಖಚಿತ ಮತ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ನಮ್ಮ ದೇಶದ ಜನಕ್ಕೆ ಇಂಟರ್ನೆಟ್ ತೆರೆದುಕೊಟ್ಟಿತು. ಆಮೇಲೆ ಬಂದ 56ಕೆ ಡಯಲ್‌ಅಪ್‌ನಲ್ಲಿ, ಲೈನು ಪೂರ್ತಿ ವೇಗ ಕೊಟ್ಟರೂ, ಆ 29 ಎಂಬಿಗೆ ಒಂದು ಗಂಟೆಗೂ ಮೀರಿ ಬೇಕಿತ್ತು. ವರ್ಣ ಕಳಿಸುವುದಕ್ಕಿಂತ ಎರಡು ಸಲ ಕುಣಿದು ಮುಗಿಸುವುದೇ ಬೇಗ! ಈಗಿನ 100 ಎಂಬಿಪಿಎಸ್ ಫೈಬರಿನಲ್ಲಿ ಎರಡು ಮೂರು ಸೆಕೆಂಡು.

ಆದರೆ ಮಹಡಿಗೆ ಸಿಗ್ನಲ್ಲೇ ಇಲ್ಲ. ಕೆಳಗೆ ಹಾಲ್‌ನ ಶೋಕೇಸಿನಲ್ಲಿ, ಗೊಂಬೆಗಳ ಹಿಂದೆ, ಉಕ್ಕಿನ ಬೀರುವಿಗೆ ಒರಗಿಸಿ ರೂಟರ್ ಇಟ್ಟಿದ್ದರು. ಉಕ್ಕು ಅಲೆಗಳನ್ನು ತಡೆಯುತ್ತದೆ, ನೀರು ತುಂಬಿದ ಟ್ಯಾಂಕು ನುಂಗುತ್ತದೆ. ಹುಡುಗ ರೂಟರನ್ನು ಮೆಟ್ಟಿಲ ತಿರುವಿಗೆ ಎತ್ತರದಲ್ಲಿ ಏರಿಸಿದ. ನಮ್ಮ ಕಡೆ ಗೋಡೆಗೆ ಗೋಡೆ ಅಂಟಿದ ಪಿಜಿಗಳು, ಎಲ್ಲರ ವೈಫೈಗಳೂ ಒಂದರ ಮೇಲೊಂದು ಬಿದ್ದು ಕಿತ್ತಾಡುತ್ತಿರುತ್ತವೆ. 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೊಂದು ತಾಗದ ಚಾನೆಲ್ಲುಗಳು 1, 6, 11 ಮಾತ್ರ. ಖಾಲಿ ಇದ್ದದ್ದನ್ನು ಹುಡುಕಿ ಹಾಕಿದ. ಒಂದು ಗೇಣೂ ಇಲ್ಲದ, 12 ಸೆಂಟಿಮೀಟರ್ ಆಸುಪಾಸಿನ ಆ ಅಲೆಯ ಮೇಲೆ ವರ್ಣ ಹೊರಟೇಬಿಟ್ಟಿತು!

ಮೂಲೆಯ ಬ್ಲೂಟೂತ್ ಸ್ಪೀಕರಿನ ಕಥೆ ಇನ್ನೂ ಸೋಜಿಗ. ಅದು ಸೆಕೆಂಡಿಗೆ 1,600 ಸಲ ತರಂಗಾಂತರ ಬದಲಿಸುತ್ತ ಹಾರುತ್ತದೆ. ಹೀಗೆ ಹಾರುವ ಉಪಾಯಕ್ಕೆ 1942ರಲ್ಲಿ ಪೇಟೆಂಟ್ ಪಡೆದವರಲ್ಲಿ ಒಬ್ಬಳು ಹಾಲಿವುಡ್ ನಟಿ ಹೆಡಿ ಲಮಾರ್, ಇನ್ನೊಬ್ಬ ಸಂಗೀತಗಾರ ಜಾರ್ಜ್ ಆಂಥೀಲ್. ಟಾರ್ಪೆಡೊ ನಡೆಸಲು ಅವರು ಬಳಸಹೊರಟದ್ದು ತಾನೇ ನುಡಿಯುವ ಪಿಯಾನೋದ ತೂತುಗಳ ಕಾಗದದ ಸುರುಳಿಯನ್ನು. ಪಿಯಾನೋದ ಮನೆಗಳು 88, ಅವರ ತರಂಗಾಂತರಗಳೂ 88! ಸಂಗೀತ ಸಾಗಿಸುವ ಯಂತ್ರದ ಮೂಲದಲ್ಲೇ ಸಂಗೀತ ಕೂತಿದೆ.

ಫೈಲಿಗೆ ಹೆಸರೇನು ಎಂದು ಹುಡುಗ ಕೇಳಿದಾಗ ಮಿಸ್, "ಟ್ರ್ಯಾಕ್ ಒಂದು ಅಂತ ಹಾಕಪ್ಪ" ಎಂದುಬಿಟ್ಟರು. ನನಗೆ ಗೌಹರ್ ಜಾನ್ ನೆನಪಾದಳು. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿದ ಆಕೆ ಕುಣಿಯುವುದರಲ್ಲೂ ನಿಪುಣೆ. ಹಾಡಿನ ಕೊನೆಗೆ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದಳು. ಜರ್ಮನಿಯ ಹ್ಯಾನೋವರಿನಲ್ಲಿ ತಟ್ಟೆ ಅಚ್ಚು ಹಾಕುವವರಿಗೆ ಇದು ಯಾರದೆಂದು ತಿಳಿಯಬೇಕಲ್ಲ! 1928ರಲ್ಲಿ ನಾಲ್ವಡಿಯವರ ಆಸ್ಥಾನಕ್ಕೆ ಬಂದ ಆಕೆ 1930ರ ಜನವರಿ 17ರಂದು ಮೈಸೂರಿನಲ್ಲೇ ತೀರಿಕೊಂಡಳು. ಮೈಸೂರು ಅರಮನೆಯ ಕಡತಗಳಲ್ಲಿ ಅವಳ ಜಾಡು ಹಿಡಿದ ಬೆಂಗಳೂರಿನ ವಿಕ್ರಮ್ ಸಂಪತ್ ಆಕೆಯ ಚರಿತ್ರೆ ಬರೆದರು. ಆಮೇಲೆ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಕಟ್ಟಿ ಆ ಕಾಲದ ತಟ್ಟೆಗಳನ್ನು ಡಿಜಿಟಲ್ ಮಾಡಿ ಎಲ್ಲರ ಕಿವಿಗೂ ಮುಟ್ಟಿಸಿದರು. ಶತಮಾನ ದಾಟಿದರೂ ಅದು ಯಾರ ದನಿಯೆಂಬ ಅನುಮಾನವೇ ಇಲ್ಲ, ಅವಳೇ ಹೇಳಿಟ್ಟಿದ್ದಾಳೆ.

ನಿಮ್ಮ ಮನೆಯ ಬೀರುವಿನಲ್ಲೂ ಇಂಥ ಕ್ಯಾಸೆಟ್ ಇದ್ದರೆ ಈ ತಿಂಗಳೇ ಹೊರಗೆ ತೆಗೆಯಿರಿ, ಡೆಕ್ ರಿಪೇರಿ ಮಾಡುವವರು ವರ್ಷ ವರ್ಷ ಕಮ್ಮಿಯಾಗುತ್ತಿದ್ದಾರೆ. ರಾಗ, ತಾಳ, ರಚಿಸಿದವರು, ಹಾಡಿದವರು, ನಟ್ಟುವಾಂಗ, ಪಕ್ಕವಾದ್ಯ, ವರ್ಷ, ಎಲ್ಲವನ್ನೂ ಫೈಲಿನ ಜೊತೆ ಬರೆಯಿರಿ. ಧ್ವನಿಮುದ್ರಣದ ಹಕ್ಕು ನಮ್ಮ ಕಾಯ್ದೆಯಲ್ಲಿ 60 ವರ್ಷ. ಗೌಹರ್‌ಳ ತಟ್ಟೆ ಹಂಚಲು ಯಾರ ಅಪ್ಪಣೆಯೂ ಬೇಡ, ನಿಮ್ಮ ಕ್ಯಾಸೆಟ್ಟಿಗೆ ಬೇಕು. ಊರಿಗೆಲ್ಲ ಹಂಚುವ ಮುಂಚೆ ಹಾಡಿದವರಿಗೂ ನುಡಿಸಿದವರಿಗೂ ಒಂದು ಫೋನ್ ಮಾಡಿ. ಎಲ್ಲ ಮುಗಿದ ಮೇಲೂ ಕ್ಯಾಸೆಟ್ಟನ್ನು ಮಾತ್ರ ಗುಜರಿಗೆ ಹಾಕಬೇಡಿ, ನಾಳೆ ಇದಕ್ಕಿಂತ ಒಳ್ಳೆಯ ಡೆಕ್ ಸಿಗಬಹುದು.