ಮಕ್ಕಳ ಉಸಿರು ನೀಡುವ ಸೂಚನೆ

ಘಟ್ಟದ ತಪ್ಪಲಿನ ಅಮಾಸೆಬೈಲಿನಂತಹ ಊರುಗಳಲ್ಲಿ ಮಳೆಗಾಲದ ತೇವದಿಂದ ಗೋಡೆಗೆ ಬೂಷ್ಟು, ಹಾಸಿಗೆಗೆ ಧೂಳುಹುಳು ಸೇರುತ್ತವೆ. ಹದಿಹರೆಯದ ಮಕ್ಕಳ ಬಿಡದ ಸೀನು, ರಾತ್ರಿಯ ಕೆಮ್ಮುಗಳನ್ನು ನಾವು ಬರಿಯ ಶೀತವೆಂದು ಉಪೇಕ್ಷಿಸಬಾರದು. ಅವು ಅಲರ್ಜಿಯ ಆರಂಭವಾಗಿರಬಹುದು.

ಅಲರ್ಜಿಯಿಂದ ಶ್ವಾಸನಾಳದಲ್ಲಿ ಉರಿಯೂತವಾದಾಗ ನಿಶ್ವಾಸದಲ್ಲಿ ನೈಟ್ರಿಕ್ ಆಕ್ಸೈಡ್ ಅನಿಲವು ಹೆಚ್ಚುತ್ತದೆ. ಅಸ್ತಮಾ ರೋಗಿಗಳಲ್ಲಿ ಇದನ್ನು 1993ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿಕೊಟ್ಟರು. ಈ ಪರೀಕ್ಷೆಗೆ ಸೂಜಿ ಬೇಡ. ಉಪಕರಣದೊಳಗೆ ಸುಮಾರು 10 ಸೆಕೆಂಡು ಸಮವಾಗಿ ಊದಿದರೆ ಸಾಕು. ಹನ್ನೆರಡು ದಾಟಿದವರಲ್ಲಿ ನೂರು ಕೋಟಿ ಭಾಗಗಳಿಗೆ 25ಕ್ಕಿಂತ ಕಡಿಮೆಯಿದ್ದರೆ ಇಂತಹ ಉರಿಯೂತದ ಸಂಭವ ಕಡಿಮೆ. 50 ಮೀರಿದರೆ ಹೆಚ್ಚು. ಆದರೆ ಇದೊಂದರಿಂದಲೇ ರೋಗನಿರ್ಣಯವಾಗದು. ವೈದ್ಯರ ತಪಾಸಣೆ ಅಗತ್ಯ.

ಸದ್ಭಕ್ತರು ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಲಿ. ವೈದ್ಯರು ಇನ್‌ಹೇಲರ್ ಸೂಚಿಸಿದರೆ, ಅದು ಚಟವಾದೀತೆಂಬ ಭಯದಿಂದ ನಿಲ್ಲಿಸದಿರಲಿ.