ಷೇರುಪೇಟೆ: ಕಾಯಕದ ಪಾಲೋ, ಜೂಜಿನ ಕಟ್ಟೆಯೋ?

ಮಾನ್ವಿಯಲ್ಲಿ ಭತ್ತ, ದೇವದುರ್ಗದಲ್ಲಿ ಹತ್ತಿ ಮಾರಿದ ಹಣ ಕೈಸೇರಿದಾಗ ಮೊದಲು ಸಾಲ ತೀರಿಸುವುದು, ಉಳಿದುದರಲ್ಲಿ ಬಂಗಾರ ಕೊಳ್ಳುವುದು, ಇಲ್ಲವೇ ಹೊಲಕ್ಕೆ ಮುಂಗಡ ಕೊಡುವುದು ನಮ್ಮ ಮನೆತನಗಳ ರೂಢಿ. ಈಗ ಆ ಹಣದ ಒಂದು ಪಾಲು ಮಕ್ಕಳ ಮೊಬೈಲಿನ ಮೂಲಕ ಷೇರುಪೇಟೆಗೆ ಹರಿಯುತ್ತಿದೆ. "ಇದು ಜೂಜಲ್ಲವೇ? ಇದರಿಂದ ಲೋಕಕ್ಕೇನು ಉಪಕಾರ?" ಎಂದು ಹಿರಿಯರು ಕೇಳುತ್ತಾರೆ. ತಳ್ಳಿಹಾಕುವ ಪ್ರಶ್ನೆ ಇದಲ್ಲ.

ಷೇರೆಂದರೆ ಕಂಪನಿಯ ಒಡೆತನದ ಒಂದು ಅಂಶ. ಕಂಪನಿಯು ಹೊಸ ಷೇರುಗಳನ್ನು ಜನರಿಗೆ ಮಾರಿದಾಗ ಬರುವ ಹಣಕ್ಕೆ ಬಡ್ಡಿಯಿಲ್ಲ, ಮರಳಿಸುವ ಗಡುವೂ ಇಲ್ಲ. ಅದು ಯಂತ್ರವಾಗುತ್ತದೆ, ಕಟ್ಟಡವಾಗುತ್ತದೆ, ಸಂಬಳವಾಗುತ್ತದೆ. 1993ರಲ್ಲಿ ಇನ್ಫೋಸಿಸ್ ತನ್ನ ಷೇರನ್ನು 95 ರೂಪಾಯಿಗೆ ಜನರ ಮುಂದಿಟ್ಟಾಗ ಕೊಳ್ಳುವವರೇ ಸಾಲದೆ ಹೋಗಿದ್ದರು. ಮುಂದೆ ಅದೇ ಸಂಸ್ಥೆ ಲಕ್ಷಾಂತರ ಜನರಿಗೆ ಉದ್ಯೋಗ ನೀಡಿತು. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ರಾಯಚೂರಿನಲ್ಲಿಯೇ 1987ರಲ್ಲಿ ಹುಟ್ಟಿದ ಶಿಲ್ಪಾ ಮೆಡಿಕೇರ್ ಕ್ಯಾನ್ಸರ್ ಔಷಧಗಳಿಗೆ ಬೇಕಾದ ಮೂಲದ್ರವ್ಯಗಳನ್ನು ತಯಾರಿಸುತ್ತದೆ. ಅದರ ಷೇರುಗಳು ಮುಂಬಯಿಯ ಪೇಟೆಯಲ್ಲಿ ವಹಿವಾಟಾಗುತ್ತವೆ.

ಆದರೆ ನಾವು ಇಂದು ಪೇಟೆಯಲ್ಲಿ ಒಂದು ಷೇರು ಕೊಂಡರೆ ಆ ಹಣ ಕಂಪನಿಗೆ ಹೋಗುವುದಿಲ್ಲ, ಮಾರಿದವನಿಗೆ ಹೋಗುತ್ತದೆ. ಸಂತೆಯಲ್ಲಿ ಎತ್ತು ಕೊಂಡಂತೆ: ಹಣ ಇಂದು ಹಗ್ಗ ಹಿಡಿದು ನಿಂತವನಿಗೆ ಸಲ್ಲುತ್ತದೆಯೇ ಹೊರತು ಕರುವಾಗಿದ್ದಾಗ ಸಾಕಿದವನಿಗಲ್ಲ. ಹಾಗೆಂದು ಸಂತೆಯೇ ಬೇಡವೆನ್ನಲಾಗದು. ಬೇಕೆಂದಾಗ ಮಾರಬಹುದೆಂಬ ಧೈರ್ಯವಿಲ್ಲದಿದ್ದರೆ ಮೊದಲು ಹಣ ಹೂಡಲು ಯಾರು ಮುಂದೆ ಬಂದಾರು?

ಷೇರುಪೇಟೆಯೊಂದೇ ದಾರಿಯೆಂದೂ ತಿಳಿಯಬೇಕಾಗಿಲ್ಲ. ನಮ್ಮ ಜಿಲ್ಲೆಯ ಹೆಸರನ್ನು ನಾಡಿಗೆ ಸಾರಿದ ಹಟ್ಟಿ ಚಿನ್ನದ ಗಣಿ, ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರ ಎರಡೂ ಸರ್ಕಾರಿ ಸಂಸ್ಥೆಗಳ ಕೈಯಲ್ಲಿವೆ. ಅವುಗಳ ಷೇರು ಪೇಟೆಯಲ್ಲಿ ಬಿಕರಿಗಿಲ್ಲ.

ನಮ್ಮನ್ನು ಕಾಡುವುದು ಬೇರೆಯೇ ಸಂಗತಿ. ಫ್ಯೂಚರ್ಸ್ ಮತ್ತು ಆಪ್ಷನ್ಸ್ ಎಂಬ ವಹಿವಾಟಿನಲ್ಲಿ ಕೊಳ್ಳುವುದು ಕಂಪನಿಯ ಪಾಲನ್ನಲ್ಲ, ಬೆಲೆ ಏರುವುದೋ ಇಳಿಯುವುದೋ ಎಂಬ ಪಂಥವನ್ನು. ಸೆಬಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಅದಕ್ಕೆ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಇದಕ್ಕಿಳಿದ ಒಂದು ಕೋಟಿಗೂ ಮಿಕ್ಕ ವ್ಯಕ್ತಿಗಳಲ್ಲಿ ಶೇ. 93 ಮಂದಿ ನಷ್ಟವುಂಡರು. ಕಳೆದುಕೊಂಡ ಒಟ್ಟು ಮೊತ್ತ 1.8 ಲಕ್ಷ ಕೋಟಿ ರೂಪಾಯಿಗೂ ಅಧಿಕ. ಇದರಿಂದ ಯಾವ ಕಾರ್ಖಾನೆಯ ಒಲೆಯೂ ಹೊತ್ತಲಿಲ್ಲ.

ನಮ್ಮ ಜಿಲ್ಲೆಯ ಅಮರೇಶ್ವರದವರೆಂದು ಹೇಳುವ ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಲಕ್ಕಮ್ಮ ತಾಯಿ ಅದನ್ನು ಮರಳಿ ಸುರಿದು ಬರುವಂತೆ ಹೇಳಿದ ಕಥೆ ನಮಗೆಲ್ಲ ಗೊತ್ತು. ವರ್ಷಗಟ್ಟಲೆ ಕಾದು ಕಂಪನಿಯ ದುಡಿಮೆಯಲ್ಲಿ ಪಾಲು ಪಡೆಯುವುದನ್ನು ಆ ತಾಯಿ ಬೇಡವೆನ್ನುತ್ತಿರಲಿಲ್ಲವೆಂದು ನಮ್ಮ ಭಾವನೆ. ಬೆಳಿಗ್ಗೆ ಕೊಂಡು ಸಂಜೆಗೆ ದುಪ್ಪಟ್ಟು ಬಯಸುವುದನ್ನು ಏನೆನ್ನುತ್ತಿದ್ದರೋ!

ಮನೆಯ ಮಕ್ಕಳು ಷೇರಿನ ಮಾತೆತ್ತಿದರೆ ಗದರಬೇಡಿ, ಕೂರಿಸಿಕೊಂಡು ಕೇಳಿ. ಆ ಕಂಪನಿ ಏನು ತಯಾರಿಸುತ್ತದೆ? ಹೂಡುವ ಹಣ ಸಾಲದ್ದೋ, ಬಿತ್ತನೆಗೆಂದು ತೆಗೆದಿಟ್ಟದ್ದೋ? ವಾಟ್ಸಾಪ್‌ನಲ್ಲಿ ಸಲಹೆ ಕೊಡುವ ಆ ಮಹಾಶಯರಿಗೆ ಸೆಬಿಯ ನೋಂದಣಿ ಉಂಟೋ?