ಛಾವಣಿಯ ವಿದ್ಯುತ್ತು ಕೂಡುವೆಡೆ

ಬಿಸಿಲಿಗೆ ಬಡತನವಿಲ್ಲದ ಕ್ಯಾಲಿಫೋರ್ನಿಯ, ಟೆಕ್ಸಾಸ್ ಪ್ರಾಂತಗಳಲ್ಲಿ ನೆಲಸಿರುವ ನಮ್ಮ ಕನ್ನಡಿಗರೂ ಸೇರಿದಂತೆ, ಅಮೆರಿಕದ ಲಕ್ಷೋಪಲಕ್ಷ ಗೃಹಸ್ಥರು ಇಂದು ಛಾವಣಿಯ ಮೇಲೆ ಸೌರಫಲಕಗಳನ್ನು ಹಾಕಿಸಿಕೊಂಡು, ಮನೆಗೆ ಬೇಕಾದ ವಿದ್ಯುಚ್ಛಕ್ತಿಯನ್ನು ಮನೆಯ ಮೇಲೆಯೇ ಉತ್ಪಾದಿಸಿಕೊಳ್ಳುತ್ತಿದ್ದಾರೆ. ಇಂಥ ಕಾರ್ಯಕ್ಕೆ ಕೈಹಾಕುವವರು ಫಲಕದ ವ್ಯಾಟು, ಅದರ ಬಾಳಿಕೆ, ಹೂಡಿದ ಹಣ ಹಿಂದಿರುಗುವ ಅವಧಿ ಇವುಗಳನ್ನು ಕುರಿತು ಎಷ್ಟೋ ದಿನ ವಿಚಾರಮಾಡುತ್ತಾರೆ. ಆದರೆ ಫಲಕಗಳಿಂದ ಇಳಿದುಬರುವ ವಿದ್ಯುತ್ತೆಲ್ಲವೂ ಒಂದುಗೂಡುವ, ಗೋಡೆಯ ಮೇಲಣ ಬೂದುಬಣ್ಣದ ಪೆಟ್ಟಿಗೆಯನ್ನು ಮಾತ್ರ, ಒಳಗೆ ಎಷ್ಟು ಬ್ರೇಕರು ಹಿಡಿಸುತ್ತವೆ, ಬೆಲೆ ಎಷ್ಟು ಎಂಬ ಎರಡೇ ಪ್ರಶ್ನೆಗಳಿಂದ ಆರಿಸಿಬಿಡುವುದುಂಟು. ಮನೆಯ ಸುರಕ್ಷತೆ ಬಹುಮಟ್ಟಿಗೆ ಆ ಆಯ್ಕೆಯನ್ನು ಅವಲಂಬಿಸಿರುವುದರಿಂದ, ಅದನ್ನು ಯಾವ ಲೆಕ್ಕದ ಮೇಲೆ ಮಾಡತಕ್ಕದ್ದೆಂಬುದನ್ನು ಗೃಹಸ್ಥನೂ ಅರಿತಿರುವುದು ಉಚಿತ.

ಸೌರಫಲಕದಲ್ಲಿ ಹುಟ್ಟುವುದು ಡಿ.ಸಿ., ಎಂದರೆ ಒಂದೇ ದಿಕ್ಕಿಗೆ ಹರಿಯುವ ನೇರ ಪ್ರವಾಹ. ಮನೆಯ ಉಪಕರಣಗಳಿಗೆ ಬೇಕಾದುದು ಎ.ಸಿ. ಪ್ರವಾಹ. ಮೊದಲಿನ ಪದ್ಧತಿಯಲ್ಲಿ ಫಲಕಗಳನ್ನು ಸರಣಿಯಾಗಿ ಜೋಡಿಸಿ, ನೂರಾರು ವೋಲ್ಟಿನ ನೇರ ಪ್ರವಾಹವನ್ನು ಕೆಳಕ್ಕೆ ತಂದು, ಒಂದೇ ದೊಡ್ಡ ಇನ್ವರ್ಟರಿನಲ್ಲಿ ಪರಿವರ್ತಿಸುತ್ತಿದ್ದರು. ಒಂದು ಫಲಕದ ಮೇಲೆ ಮರದ ನೆರಳು ಬಿದ್ದರೂ ಸರಣಿಯ ಉತ್ಪತ್ತಿಯೇ ಕುಗ್ಗುವ ಸಂಭವವಿತ್ತು. 2006ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಸ್ಥಾಪಿತವಾದ ಎನ್‌ಫೇಸ್ ಸಂಸ್ಥೆ 2008ರಲ್ಲಿ ಮಾರುಕಟ್ಟೆಗೆ ತಂದ ಮೈಕ್ರೋಇನ್ವರ್ಟರು ಈ ಕ್ರಮವನ್ನು ಬದಲಿಸಿತು. ಫಲಕಕ್ಕೊಂದರಂತೆ ಅದರ ಕೆಳಗೇ ಕುಳಿತು, ಹುಟ್ಟಿದೆಡೆಯಲ್ಲಿಯೇ ಪ್ರವಾಹವನ್ನು 240 ವೋಲ್ಟಿನ ಎ.ಸಿ.ಯಾಗಿ ಮಾರ್ಪಡಿಸಿಬಿಡುವುದು ಇದರ ಕೆಲಸ.

ಹೀಗೆ ಪರಿವರ್ತಿತವಾದ ವಿದ್ಯುತ್ತು ಒಂದೇ ಕೇಬಲಿಗೆ ಸಮಾಂತರವಾಗಿ ಸೇರುವುದರಿಂದ, ವೋಲ್ಟು ಇದ್ದಷ್ಟೇ ಇದ್ದು ಆಂಪಿಯರು ಮಾತ್ರ ಕೂಡುತ್ತ ಹೋಗುತ್ತದೆ. ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಸೇರಿದ ಮೇಲೆ ಮುಂದಿನ ಪಾತ್ರ ಎರಡು ನದಿಗಳ ನೀರನ್ನೂ ಹೊರಬೇಕಾಗುವಂತೆ, ಕೊನೆಯ ತಂತಿ ಅಷ್ಟೂ ಫಲಕಗಳ ಪ್ರವಾಹವನ್ನು ಹೊರಬೇಕು. ಎನ್‌ಫೇಸಿನ ಐಕ್ಯೂ8 ಪ್ಲಸ್ ಎಂಬ ಮಾದರಿಯನ್ನು ತೆಗೆದುಕೊಂಡರೆ, ಒಂದೊಂದೂ ಗರಿಷ್ಠ 1.21 ಆಂಪಿಯರ್ ನೀಡುತ್ತದೆ. ಮೂರು ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಎಡೆಬಿಡದೆ ಹರಿಯುವ ಪ್ರವಾಹಕ್ಕೆ ಬ್ರೇಕರಿನ ಶಕ್ತಿಯಲ್ಲಿ ಶೇಕಡ 80ರಷ್ಟನ್ನು ಮಾತ್ರ ಬಳಸತಕ್ಕದ್ದೆಂಬುದು ಅಲ್ಲಿಯ ನಿಯಮವಾದುದರಿಂದ, 20 ಆಂಪಿಯರಿನ ಬ್ರೇಕರಿನ ಮೇಲೆ 16 ಆಂಪಿಯರಿಗಿಂತ ಹೆಚ್ಚಿನ ಹೊರೆ ಸಲ್ಲದು. ಹದಿಮೂರು ಫಲಕಗಳ ಒಟ್ಟು 15.73 ಆಂಪಿಯರು ಈ ಮಿತಿಯೊಳಗೆ ನಿಲ್ಲುತ್ತದೆ, ಹದಿನಾಲ್ಕನೆಯದು ಮಿತಿಯನ್ನು ಮೀರುತ್ತದೆ. ಆದಕಾರಣ ಮೂವತ್ತೊಂಬತ್ತು ಫಲಕಗಳ ಮನೆಗೆ ಹದಿಮೂರರಂತೆ ಮೂರು ಸರ್ಕ್ಯೂಟುಗಳಾಗುತ್ತವೆ. ಈ ಮೂರನ್ನೂ ಒಂದುಗೂಡಿಸಿ ಮುಖ್ಯ ಪ್ಯಾನಲಿಗೆ ಒಂದೇ ದಾರಿಯಲ್ಲಿ ಒಯ್ಯುವ ಪೆಟ್ಟಿಗೆಯೇ ಕಂಬೈನರ್ ಪ್ಯಾನಲ್. ಅಲ್ಲಿ ಕೂಡುವ ಮೊತ್ತ 47.19 ಆಂಪಿಯರ್, ಅದನ್ನು ಒಂದೂಕಾಲು ಪಾಲಿನಿಂದ ಗುಣಿಸಿದರೆ ಸುಮಾರು 59, ಎಂದರೆ ಹೊರಹೋಗುವ ತಂತಿಗೆ 60 ಆಂಪಿಯರಿನ ಬ್ರೇಕರು ಬೇಕಾಗುತ್ತದೆ.

ಅಂಗಡಿಯಲ್ಲಿ ಇಂಥ ಪೆಟ್ಟಿಗೆಯ ಬಾಗಿಲನ್ನು ತೆರೆದು ನೋಡುವವನ ಕಣ್ಣು ಮೊದಲು ಹೋಗುವುದು ಬ್ರೇಕರು ಕೂರುವ ಖಾನೆಗಳ ಮೇಲೆ. ಆದರೆ ನೋಡಬೇಕಾದುದು ಬಾಗಿಲಿನ ಒಳಮೈಗೆ ಅಂಟಿಸಿರುವ ಚೀಟಿಯನ್ನು ಮತ್ತು ಮುಂದಣ ತಗಡನ್ನು ಕಳಚಿದಾಗ ಕಾಣುವ ಎರಡು ಲೋಹದ ಪಟ್ಟಿಗಳನ್ನು. ಬಸ್‌ಬಾರ್ ಎನಿಸಿಕೊಳ್ಳುವ ಈ ಪಟ್ಟಿಗಳಿಗೇ ಬ್ರೇಕರುಗಳೆಲ್ಲ ಕಚ್ಚಿಕೊಳ್ಳುವುದು; ಪ್ರವಾಹಗಳೆಲ್ಲ ಕೂಡುವುದೂ ಇವುಗಳಲ್ಲಿಯೇ. ಎಂಟು ಖಾನೆಗಳಿದ್ದ ಮಾತ್ರಕ್ಕೆ ಎಂಟೂ ಖಾನೆಗಳನ್ನು ತುಂಬುವ ಅಧಿಕಾರ ಬರುವುದಿಲ್ಲ. ಚೀಟಿಯಲ್ಲಿ 125 ಆಂಪಿಯರ್ ಎಂದಿದ್ದರೆ, ಒಳಗಿನ ಎಲ್ಲ ಬ್ರೇಕರುಗಳ ಮೊತ್ತವನ್ನು, ಪಟ್ಟಿಗೆ ರಕ್ಷಣೆಯಾಗಿ ನಿಂತ ಮುಖ್ಯ ಬ್ರೇಕರನ್ನು ಬಿಟ್ಟು, 125ಕ್ಕೆ ಮೀರಗೊಡದಿರುವುದು ಸುಲಭವಾದ ಮತ್ತು ನಿಯಮಸಮ್ಮತವಾದ ಮಾರ್ಗ. ಇಪ್ಪತ್ತರ ಮೂರು ಬ್ರೇಕರುಗಳೂ, ಉತ್ಪತ್ತಿಯನ್ನು ಅಳೆದು ತಿಳಿಸುವ ಗೇಟ್‌ವೇ ಯಂತ್ರಕ್ಕೆ ಹದಿನೈದರ ಒಂದೂ ಸೇರಿದರೆ 75. ಮುಂದೆ ನಾಲ್ಕನೆಯ ಸರ್ಕ್ಯೂಟನ್ನು ಕೂಡಿಸಿದರೆ 95. ಪಟ್ಟಿಯ ಮಟ್ಟಿಗೆ ಅವಕಾಶವಿದ್ದರೂ, 60 ಆಂಪಿಯರಿಗೆಂದು ಎಳೆದ ತಂತಿ ಆ ನಾಲ್ಕನೆಯದನ್ನು ಹೊರಲಾರದೆಂಬುದನ್ನು ಮರೆಯಬಾರದು. ಖಾನೆ ಖಾಲಿಯಿದೆಯೆಂದು ಇದೇ ಪೆಟ್ಟಿಗೆಯಿಂದ ಗ್ಯಾರೇಜಿನ ಉಪಕರಣಕ್ಕೋ ತೋಟದ ಪಂಪಿಗೋ ತಂತಿ ಎಳೆಯುವುದಂತೂ ಸಲ್ಲದು. ಇದನ್ನು ಸೌರವಿದ್ಯುತ್ತಿಗಾಗಿಯೇ ಮೀಸಲಿಡುವುದು ಕ್ಷೇಮ.

ಕಂಬೈನರ್ ಸರಿಯಾಗಿದ್ದರೂ ಮುಖ್ಯ ಪ್ಯಾನಲ್ ಒಪ್ಪದಿರಬಹುದು. ಅನೇಕರ ಯೋಜನೆ ಮುಗ್ಗರಿಸುವುದು ಇಲ್ಲಿಯೇ. ಸಾಮಾನ್ಯವಾದ ಪ್ಯಾನಲಿನ ಪಟ್ಟಿ 200 ಆಂಪಿಯರಿನದು, ಅದರ ಮುಖ್ಯ ಬ್ರೇಕರೂ 200ರದೇ. ಬೀದಿಯ ಕಡೆಯಿಂದ 200, ಛಾವಣಿಯ ಕಡೆಯಿಂದ 60, ಹೀಗೆ ಎರಡು ಮೂಲಗಳು ಒಂದೇ ಪಟ್ಟಿಗೆ ಒದಗಿದಾಗ, ಮನೆಯ ಹೊರೆ 260ರವರೆಗೆ ಏರಿದರೂ ಯಾವ ಬ್ರೇಕರಿಗೂ ತನ್ನ ಮಿತಿ ಮೀರಿದುದರ ಅರಿವಾಗದೆ, ನಡುವಣ ಪಟ್ಟಿಯೊಂದೇ ಮೌನವಾಗಿ ಕಾಯಬಹುದು. ಇದನ್ನು ತಡೆಯುವುದಕ್ಕಾಗಿಯೇ ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆ ಒಂದು ಸೂತ್ರವನ್ನು ವಿಧಿಸಿದೆ. 1897ರಲ್ಲಿ ಮೊದಲು ಪ್ರಕಟವಾಗಿ, ಈಗ ಮೂರು ವರ್ಷಗಳಿಗೊಮ್ಮೆ ಪರಿಷ್ಕೃತವಾಗುವ ಆ ಗ್ರಂಥದ ಪ್ರಕಾರ, ಮುಖ್ಯ ಬ್ರೇಕರಿನ ಅಳತೆಗೆ ಸೌರಪ್ರವಾಹದ ಒಂದೂಕಾಲು ಪಾಲನ್ನು ಕೂಡಿಸಿದರೆ ಬರುವ ಮೊತ್ತ, ಪಟ್ಟಿಯ ಶಕ್ತಿಯ ಶೇಕಡ 120ನ್ನು ದಾಟಕೂಡದು. ಅಲ್ಲದೆ ಸೌರ ಬ್ರೇಕರನ್ನು ಮುಖ್ಯ ಬ್ರೇಕರಿಗೆ ಎದುರಾದ ತುದಿಯಲ್ಲಿ ಕೂರಿಸತಕ್ಕದ್ದು. ಎರಡು ತುದಿಗಳಿಂದ ಒಳಬಂದ ಪ್ರವಾಹ ನಡುವಣ ಹೊರೆಗಳಿಗೆ ಹಂಚಿಹೋಗುವುದರಿಂದ, ಪಟ್ಟಿಯ ಯಾವ ಭಾಗವೂ ಎರಡರ ಮೊತ್ತವನ್ನು ಒಟ್ಟಿಗೆ ಹೊರಬೇಕಾಗುವುದಿಲ್ಲವೆಂಬುದು ಈ ವಿಧಿಯ ಹಿಂದಣ ಯುಕ್ತಿ.

ಸೂತ್ರವನ್ನು ನಮ್ಮ ಉದಾಹರಣೆಗೆ ಅನ್ವಯಿಸಿದರೆ, 200ರ ಶೇಕಡ 120 ಎಂದರೆ 240. ಅದರಲ್ಲಿ ಮುಖ್ಯ ಬ್ರೇಕರಿನ 200 ಕಳೆದು ಸೌರಕ್ಕೆ ಉಳಿಯುವುದು 40. ಎರಡು ಸರ್ಕ್ಯೂಟುಗಳ ಇಪ್ಪತ್ತಾರು ಫಲಕಗಳಿಗೆ ಸುಮಾರು 39 ಸಾಲುವುದರಿಂದ ಅವು ಹಿಡಿಸುತ್ತವೆ. ಮೂರನೆಯದು ಬಂದೊಡನೆ ಹಿಡಿಸುವುದಿಲ್ಲ. ಪರಿಹಾರಗಳಿಲ್ಲದಿಲ್ಲ: ಮನೆಯ ಹೊರೆ ಒಪ್ಪುವುದಾದರೆ ಮುಖ್ಯ ಬ್ರೇಕರನ್ನು 175ಕ್ಕೆ ಇಳಿಸಿ ಸೌರಕ್ಕೆ 65ರ ಅವಕಾಶ ಮಾಡಿಕೊಳ್ಳಬಹುದು, ಇಲ್ಲವೆ ಮುಖ್ಯ ಬ್ರೇಕರು 200ರದಾಗಿದ್ದು ಪಟ್ಟಿ ಮಾತ್ರ 225ರದಾಗಿರುವ ಪ್ಯಾನಲನ್ನು ಹಾಕಿಸಿದರೆ 70ರ ಅವಕಾಶ ದೊರೆಯುತ್ತದೆ. ಹೊಸ ಮನೆ ಕಟ್ಟಿಸುವವರು ಮೊದಲೇ ಇಂಥ ಪ್ಯಾನಲನ್ನು ಕೇಳಿ ಹಾಕಿಸಿಕೊಳ್ಳುವುದು ದೂರದೃಷ್ಟಿ.

ಉಳಿದ ಸಂಗತಿಗಳು ಕಿರಿದಾದರೂ ಉಪೇಕ್ಷಣೀಯವಲ್ಲ. ಕಂಬೈನರಿನೊಳಗೆ ನ್ಯೂಟ್ರಲ್ ತಂತಿಯ ಪಟ್ಟಿಯನ್ನೂ ಅರ್ಥಿಂಗಿನ ಪಟ್ಟಿಯನ್ನೂ ಒಂದಕ್ಕೊಂದು ಸೇರಿಸಕೂಡದು. ಆ ಸಂಧಿ ಇರಬೇಕಾದುದು ವಿದ್ಯುತ್ತು ಮನೆಯನ್ನು ಪ್ರವೇಶಿಸುವ ಒಂದೇ ಕಡೆಯಲ್ಲಿ. ಹೊರಗೋಡೆಗೆ ಹಾಕುವ ಪೆಟ್ಟಿಗೆ ಮಳೆಯನ್ನು ತಡೆಯುವ ನೀಮಾ 3ಆರ್ ದರ್ಜೆಯದಾಗಿರಬೇಕು. ಸಾಧ್ಯವಾದರೆ ಪಡುವಣ ಬಿಸಿಲಿಗೆ ಒಡ್ಡದಿರುವುದು ಲೇಸು, ಏಕೆಂದರೆ ಬ್ರೇಕರುಗಳ ಅಳತೆ 40 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಹೊಂದಿಸಿದ್ದು, ಅದಕ್ಕಿಂತ ಕಾದರೆ ಅಕಾಲದಲ್ಲಿ ಬೀಳಬಹುದು. ಬ್ರೇಕರು ಆ ಪ್ಯಾನಲಿಗೆ ಒಪ್ಪಿತವಾದ ತಯಾರಿಯದೇ ಆಗಿರಲಿ. ಖಾನೆಯಲ್ಲಿ ಕುಳಿತಿತೆಂಬುದು ಒಪ್ಪಿಗೆಗೆ ಸಾಕ್ಷಿಯಲ್ಲ. ಪ್ಯಾನಲು ದೂರವಿದ್ದರೆ ತಂತಿಯನ್ನು ದಪ್ಪಗೊಳಿಸಬೇಕು. ಇಲ್ಲವಾದರೆ ಛಾವಣಿಯ ಕಡೆ ವೋಲ್ಟು ಏರಿ, 264ರ ಮಿತಿ ಮುಟ್ಟಿದ ಇನ್ವರ್ಟರುಗಳು ಉರಿಬಿಸಿಲಿನಲ್ಲಿಯೇ ಕೆಲಸ ನಿಲ್ಲಿಸುವುವು.

ಕರ್ನಾಟಕದಲ್ಲಿ ಮೈಕ್ರೋಇನ್ವರ್ಟರು ಹಾಕಿಸುವವರು ಈ ಅಂಕಿಗಳನ್ನು ಹಾಗೆಯೇ ಎತ್ತಿಕೊಳ್ಳುವಂತಿಲ್ಲ. ನಮ್ಮ ಮನೆಗಳದು 230 ವೋಲ್ಟು. ಮೂರು ಫೇಸಿನ ಸಂಪರ್ಕವಿದ್ದರೆ ಫಲಕಗಳನ್ನು ಮೂರಕ್ಕೂ ಸಮನಾಗಿ ಹಂಚಬೇಕು. ಕೂಡಿಸುವ ಪೆಟ್ಟಿಗೆಗೆ ಇಲ್ಲಿ ಎ.ಸಿ.ಡಿ.ಬಿ. ಎಂಬ ಹೆಸರು, ಬ್ರೇಕರಿಗೆ ಎಂ.ಸಿ.ಬಿ. ಎಂಬ ಹೆಸರು. ಆದರೆ ಕೂಡಿದ ಪ್ರವಾಹವನ್ನು ಹೊರುವ ಪಟ್ಟಿಯ ಶಕ್ತಿಯನ್ನು ಮೊದಲು ಕೇಳಬೇಕೆಂಬ ತತ್ತ್ವಕ್ಕೆ ದೇಶಭೇದವಿಲ್ಲ.

ಲೆಕ್ಕವನ್ನು ಅನುಮತಿಯುಳ್ಳ ಎಲೆಕ್ಟ್ರಿಷಿಯನ್ ಮಾಡಲಿ, ಸ್ಥಳೀಯ ಇನ್‌ಸ್ಪೆಕ್ಟರು ಪರೀಕ್ಷಿಸಲಿ. ಗೃಹಸ್ಥನು ಆ ಲೆಕ್ಕದ ಕಾಗದವನ್ನು ಕೇಳಿ ಪಡೆದು, ಕೂಡುವ ಆಂಪಿಯರು, ಪಟ್ಟಿಯ ಶಕ್ತಿ, ಬ್ರೇಕರಿನ ಸ್ಥಾನ ಈ ಮೂರನ್ನಾದರೂ ತಾನೇ ಓದಿ ನೋಡಲಿ. ಅದರ ಒಂದು ಪ್ರತಿಯನ್ನು ಪೆಟ್ಟಿಗೆಯ ಬಳಿಯಲ್ಲಿಯೇ ಇರಿಸಿ, ಎರಡು ಕಡೆಗಳಿಂದ ವಿದ್ಯುತ್ತು ಬರುತ್ತಿದೆಯೆಂಬ ಎಚ್ಚರಿಕೆಯನ್ನು ಅಳಿಯದಂತೆ ಅಂಟಿಸತಕ್ಕದ್ದು. ಏಕೆಂದರೆ ಸೌರಫಲಕಗಳು ಇಪ್ಪತ್ತೈದು ವರ್ಷ ಬಾಳುವಂಥವು, ಅಷ್ಟರಲ್ಲಿ ಮನೆ ಕೈಬದಲಾಗಬಹುದು, ಮತ್ತು ಮುಂದೊಂದು ದಿನ ಆ ತಗಡನ್ನು ಕಳಚುವ ಅಪರಿಚಿತ ಕೆಲಸಗಾರನ ಪ್ರಾಣಕ್ಕೂ ನಮ್ಮ ಇಂದಿನ ಆಯ್ಕೆಯೇ ಹೊಣೆ.